ಹೊಸ ಟಿವಿ ತರುವ ಮೊದಲು ಗೋಡೆಗೊಂದು ಕೌದಿ ಹಾಕಿ

ಹೋದ ದೀಪಾವಳಿಗೆ ಗದಗಿನ ಕಾಕು ಮನೆಗೆ ಹೋಗಿದ್ದೆ. ಚಹಾದ ಕಪ್ಪು ಕೈಗಿಡುತ್ತಲೇ ಅವರು ಟಿವಿ ಕಡೆ ತೋರಿಸಿ, "ತಮ್ಮಾ, ಎಲ್ಲಾರ ಮಾರಿನೂ ಮಸುಕ ಮಸುಕ ಕಾಣ್ತಾವ. ನನ್ನ ಕಣ್ಣ ಹೋದುವೋ, ಟಿವಿ ಹೋತೋ ತಿಳೀವಲ್ದು. ಹೊಸಾದು ತರೋಣ ಅಂತ ನಿಮ್ಮ ಕಾಕಾ ಗಂಟು ಬಿದ್ದಾರ" ಅಂದರು. ಆ ಟಿವಿ ನಾಲ್ಕೇ ವರ್ಷದ್ದು. 43 ಇಂಚು, 4ಕೆ, ಅಂದರೆ ಎಚ್‌ಡಿಗಿಂತಲೂ ನವಿರು ಚಿತ್ರದ್ದು. ಇಷ್ಟು ಬೇಗ ಕೆಡುವಂಥದ್ದಲ್ಲ.

ಟಿವಿ ಹಿಂದೆ ಕೈ ಹಾಕಿ ತಡಕಿದೆ. ಸೆಟ್ ಟಾಪ್ ಬಾಕ್ಸಿನಿಂದ ಹಳದಿ, ಕೆಂಪು, ಬಿಳಿ ಪಿನ್ನಿನ ಮೂರೆಳೆ ವೈರು ಬಂದಿತ್ತು. ಬಾಕ್ಸ್ ಎಚ್‌ಡಿ, ತಿಂಗಳ ಪ್ಯಾಕೂ ಎಚ್‌ಡಿ, ಟಿವಿ ಅಂತೂ 4ಕೆ. ನಡುವಿನ ವೈರು ಮಾತ್ರ ಹಳೇ ಡಬ್ಬಾ ಟಿವಿ ಕಾಲದ್ದು. ಹಳದಿ ಪಿನ್ನಿನ ವೈರಿನಲ್ಲಿ ಚಿತ್ರದ ಬೆಳಕು, ಬಣ್ಣ ಎರಡೂ ಒಂದೇ ತಂತಿಯಲ್ಲಿ ಕಲಸಿಕೊಂಡು ಬರುತ್ತವೆ. ಅದರಲ್ಲಿ ಹೆಚ್ಚೆಂದರೆ 576 ಗೆರೆಗಳ ಚಿತ್ರ ಹಾಯುತ್ತದೆ. ಎಚ್‌ಡಿ ಚಾನೆಲ್ ಕಳಿಸುವುದು 1080 ಗೆರೆ. ಅಂದರೆ ದುಡ್ಡು ಕೊಟ್ಟ ಚಿತ್ರದ ಅರ್ಧದಷ್ಟು ಗೆರೆ ಬಾಕ್ಸಿನಲ್ಲೇ ಉಳಿದುಬಿಡುತ್ತಿತ್ತು, ನಾಲ್ಕು ವರ್ಷ.

ಪೇಟೆಗೆ ಹೋಗಿ 180 ರೂಪಾಯಿಗೆ ಒಂದು ಎಚ್‌ಡಿಎಂಐ ಕೇಬಲ್ ತಂದೆ, ಎಚ್‌ಡಿ ಚಿತ್ರವನ್ನು ಪೂರ್ತಿ ಒಯ್ಯುವಂಥದ್ದು. ಸಿಕ್ಕಿಸಿದೆ. ಬಾಕ್ಸಿನ ಸೆಟಿಂಗ್ಸ್‌ನಲ್ಲಿ ರೆಸಲ್ಯೂಷನ್ 576 ಅಂತಿದ್ದದ್ದನ್ನು 1080 ಮಾಡಿದೆ. ಸಂಜೆಯ ಧಾರಾವಾಹಿ ಶುರುವಾಯಿತು. ಕಾಕು ಎದ್ದು ಟಿವಿ ಹತ್ತಿರ ಹೋಗಿ, "ಏ ತಮ್ಮಾ, ಸೀರಿ ಅಂಚಿನಾಗ ಗೋಪುರ ಅದಾವಲ್ಲೋ! ಇಷ್ಟ ದಿನ ಬರೇ ಕೆಂಪ ಪಟ್ಟಿ ಅನ್ಕೊಂಡಿದ್ದೆ" ಅಂದರು. ಹೊಸ ಟಿವಿ ಮಾತು ಅಲ್ಲಿಗೆ ನಿಂತಿತು.

ಆ ಮೇಲೆ ಹುಬ್ಬಳ್ಳಿ, ಧಾರವಾಡ, ಹಾವೇರಿಯ ಎಷ್ಟೋ ಮನೆಗಳಲ್ಲಿ ಟಿವಿ ಹಿಂದೆ ಕೈ ಹಾಕಿದ್ದೇನೆ. ಒಂದೊಂದು ಕಡೆ ಒಂದೊಂದು ತೊಂದರೆ. ಆದರೆ ಎಲ್ಲ ಕಡೆಯೂ ಕಂಡದ್ದು ಒಂದೇ: ಇರುವ ಸಾಮಾನಿನ ಅರ್ಧ ಶಕ್ತಿಯೂ ಬಳಕೆಯಾಗಿರುವುದಿಲ್ಲ. ಖರ್ಚು ಮಾಡುವ ಮನಸ್ಸಿದ್ದರೆ ಅದಕ್ಕೊಂದು ಸರದಿ ಇದೆ. ಮೊದಲು ದುಡ್ಡಿಲ್ಲದೆ ಆಗುವ ಸೆಟಿಂಗ್ಸ್. ಆಮೇಲೆ ಕೋಣೆ. ಆಮೇಲೆ ಧ್ವನಿ. ಟಿವಿ ಎಲ್ಲಕ್ಕಿಂತ ಕೊನೆಗೆ. ನಾವೆಲ್ಲ ಮಾಡುವುದು ತಿರುವುಮುರುವು, ಅಲ್ವಾ? ಮೊದಲು ಟಿವಿ ತರುತ್ತೇವೆ, ಅಲ್ಲಿಗೆ ದುಡ್ಡು ಮುಗಿಯುತ್ತದೆ.

ಚಿತ್ರ: ರಿಮೋಟಿನಲ್ಲೇ ಇರುವ ರಿಪೇರಿ

ಅಂಗಡಿಯಲ್ಲಿ ಟಿವಿಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಮೇಲೆ ಹತ್ತಾರು ಟ್ಯೂಬ್‌ಲೈಟು. ಆ ಬೆಳಕಿನಲ್ಲಿ ಕಣ್ಣಿಗೆ ಹೊಡೆಯಬೇಕು ಅಂತ ಬಣ್ಣ, ಬೆಳಕು ಎರಡನ್ನೂ ತುದಿಗೆ ಏರಿಸಿರುತ್ತಾರೆ. ಅದರ ಹೆಸರು ವಿವಿಡ್ ಅಥವಾ ಡೈನಾಮಿಕ್ ಮೋಡ್. ಮನೆಗೆ ಬಂದ ಮೇಲೂ ಎಷ್ಟೋ ಟಿವಿ ಅದರಲ್ಲೇ ಓಡುತ್ತಿರುತ್ತವೆ. ಹುಲ್ಲು ಪ್ಲಾಸ್ಟಿಕ್ ಹಸಿರು, ಮನುಷ್ಯರ ಮುಖ ಕುಂಕುಮ ಬಳಿದಂತೆ.

ಪಿಕ್ಚರ್ ಮೋಡ್‌ಗೆ ಹೋಗಿ ಸಿನಿಮಾ, ಮೂವಿ ಅಥವಾ ಫಿಲ್ಮ್‌ಮೇಕರ್ ಮೋಡ್ ಹಾಕಿ. ಈ ಫಿಲ್ಮ್‌ಮೇಕರ್ ಮೋಡ್ 2019ರಲ್ಲಿ ಘೋಷಣೆಯಾದದ್ದು. ನಿರ್ದೇಶಕರು ಕಂಡ ಬಣ್ಣ, ವೇಗ ಹಾಗೆಯೇ ಮನೆಗೆ ತಲುಪಲಿ ಅನ್ನುವುದು ಅದರ ಉದ್ದೇಶ. ಹಾಕಿದ ಕೂಡಲೇ ಪರದೆ ಹಳದಿ ಅನ್ನಿಸುತ್ತದೆ. "ಇದೇನು, ಮಂಕಾಯ್ತು" ಅಂತ ತಕ್ಷಣ ವಾಪಸ್ ಹೋಗಬೇಡಿ. ಎರಡು ದಿನ ಬಿಡಿ. ಕಣ್ಣು ನೀಲಿ ಬಿಳುಪಿಗೆ ಒಗ್ಗಿಕೊಂಡಿರುತ್ತದೆ, ಅಷ್ಟೇ. ಎರಡು ದಿನದ ನಂತರ ಹಳೇ ಮೋಡ್ ಹಾಕಿ ನೋಡಿ, ಅದೇ ಕಣ್ಣಿಗೆ ಚುಚ್ಚುತ್ತದೆ.

ಮುಂದಿನದು ಶಾರ್ಪ್‌ನೆಸ್. ಹೆಸರು ಕೇಳಿದರೆ ಜಾಸ್ತಿ ಮಾಡಿದಷ್ಟೂ ಚಿತ್ರ ಸ್ಪಷ್ಟವಾಗುತ್ತದೆ ಅನ್ನಿಸುತ್ತದೆ. ಹಾಗಲ್ಲ. ಇಲ್ಲದ ವಿವರವನ್ನು ಟಿವಿ ತರಲಾರದು. ಅದು ಅಂಚುಗಳ ಸುತ್ತ ಒಂದು ಬಿಳಿ ಗೆರೆ ಎಳೆಯುತ್ತದೆ, ಕಣ್ಣು ಅದನ್ನೇ ಸ್ಪಷ್ಟತೆ ಅಂದುಕೊಳ್ಳುತ್ತದೆ. ವಾರ್ತೆ ಹಾಕಿ, ಕೆಳಗೆ ಓಡುವ ಕನ್ನಡ ಅಕ್ಷರ ನೋಡುತ್ತ ಶಾರ್ಪ್‌ನೆಸ್ ಇಳಿಸಿ. ಅಕ್ಷರದ ಸುತ್ತಲಿನ ಬಿಳಿ ನೆರಳು ಎಲ್ಲಿ ಮಾಯವಾಗುತ್ತದೋ ಅಲ್ಲಿ ನಿಲ್ಲಿಸಿ. ಕೆಲವು ಕಂಪನಿಯ ಟಿವಿಯಲ್ಲಿ ಅದು ಸೊನ್ನೆ, ಕೆಲವದರಲ್ಲಿ ನಡು ಅಂಕಿ.

ಹೊಸ ಟಿವಿಯಲ್ಲಿ ಸಿನಿಮಾ ನೋಡಿದರೆ ಧಾರಾವಾಹಿ ನೋಡಿದಂತಿರುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಅವರ ಕಣ್ಣು ಸರಿಯಾಗೇ ಇದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಟಿವಿ ಎರಡು ಚಿತ್ರಗಳ ನಡುವೆ ತಾನೇ ಊಹಿಸಿ ಇನ್ನಷ್ಟು ಚಿತ್ರ ತುಂಬುತ್ತದೆ. ಚಲನೆ ನುಣ್ಣಗಾಗುತ್ತದೆ, ಸಿನಿಮಾದ ಗುಣ ಹೋಗುತ್ತದೆ. ಎಲ್‌ಜಿಯಲ್ಲಿ ಇದಕ್ಕೆ ಟ್ರೂಮೋಷನ್ ಅಂತಾರೆ, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲಾರಿಟಿ. ಸಿನಿಮಾಕ್ಕೆ ಬಂದ್ ಮಾಡಿ. ಕ್ರಿಕೆಟ್‌ಗೆ ಬೇಕಿದ್ದರೆ ಸ್ವಲ್ಪ ಇಟ್ಟುಕೊಳ್ಳಿ, ಚೆಂಡಿನ ಹಿಂದೆ ಕಣ್ಣು ಓಡಿಸಲು ಅನುಕೂಲ.

ಬ್ರೈಟ್‌ನೆಸ್ ಮತ್ತು ಬ್ಯಾಕ್‌ಲೈಟ್ ಬೇರೆ ಬೇರೆ. ಬಹಳ ಟಿವಿಗಳಲ್ಲಿ ಬ್ರೈಟ್‌ನೆಸ್ ಅಂದರೆ ಕಪ್ಪು ಎಷ್ಟು ಕಪ್ಪಾಗಿರಬೇಕು ಅನ್ನುವ ಗುಂಡಿ. ಅದನ್ನು ಏರಿಸಿದರೆ ರಾತ್ರಿಯ ದೃಶ್ಯವೆಲ್ಲ ಬೂದಿಯಾಗುತ್ತದೆ. ಪರದೆಯ ಬೆಳಕು ಬೇಕಾದರೆ ಬ್ಯಾಕ್‌ಲೈಟ್ ಮುಟ್ಟಿ. ಹಗಲಿಗೆ ಜಾಸ್ತಿ, ರಾತ್ರಿಗೆ ಕಡಿಮೆ.

ಇನ್ನು ಹಳೇ ಕಪ್ಪುಬಿಳುಪು ಸಿನಿಮಾ. ಅವು ಹೆಚ್ಚಾಗಿ ನಾಲ್ಕಕ್ಕೆ ಮೂರರ ಅಳತೆಯವು. ಎರಡು ಬದಿಗೆ ಕಪ್ಪು ಪಟ್ಟಿ ಬಂದರೆ ಪರದೆ ಹಾಳು ಅಂದುಕೊಂಡು ಜನ ಅದನ್ನು ಎಳೆದು ತುಂಬಿಸುತ್ತಾರೆ. ನಾಯಕಿ ದಪ್ಪಗೆ, ಕುಳ್ಳಗೆ ಕಾಣುತ್ತಾಳೆ. ಪಟ್ಟಿ ಇರಲಿ ಬಿಡಿ. ಆ ಚೌಕಟ್ಟನ್ನು ಕ್ಯಾಮೆರಾ ಹಿಡಿದವರು ಯೋಚಿಸಿ ಕಟ್ಟಿದ್ದಾರೆ.

ಟಿವಿ ಎಲ್ಲಿಡಬೇಕು ಅನ್ನುವುದೂ ಪುಕ್ಕಟೆ ಕೆಲಸ. ಕಿಟಕಿಯ ಎದುರು ಬೇಡ, ಹಗಲೆಲ್ಲ ಪರದೆ ಕನ್ನಡಿಯಾಗುತ್ತದೆ. ಕಿಟಕಿ ಪಕ್ಕದ ಗೋಡೆ ಒಳ್ಳೆಯದು. ರಾತ್ರಿ ದೀಪ ಪೂರ್ತಿ ಆರಿಸುವುದಕ್ಕಿಂತ ಟಿವಿ ಹಿಂದೆ ಒಂದು ಸಣ್ಣ ಬಲ್ಬು ಹಚ್ಚಿಡಿ. ಗೋಡೆ ಮಂದವಾಗಿ ಬೆಳಗಿದರೆ ಪರದೆಯ ಕಪ್ಪು ಹೆಚ್ಚು ಕಪ್ಪಾಗಿ ಕಾಣುತ್ತದೆ, ಕಣ್ಣಿಗೂ ಆಯಾಸ ಕಡಿಮೆ. ನಡುಪರದೆ ಕೂತವರ ಕಣ್ಣಿನ ಮಟ್ಟಕ್ಕೆ ಬರಲಿ. ನಮ್ಮಲ್ಲಿ ದೇವರ ಫೋಟೋ ಹಾಕಿದಷ್ಟು ಎತ್ತರಕ್ಕೆ ಟಿವಿ ಹಾಕುತ್ತಾರೆ. ಸಿನಿಮಾ ಮುಗಿಯುವಷ್ಟರಲ್ಲಿ ಕುತ್ತಿಗೆ ಹಿಡಿದಿರುತ್ತದೆ.

ಕೋಣೆ: ಒಮ್ಮೆ ಚಪ್ಪಾಳೆ ತಟ್ಟಿ ನೋಡಿ

ನಾನಿರುವುದು ಧಾರವಾಡದ ಮಾಳಮಡ್ಡಿಯಲ್ಲಿ. ಹಾಲ್‌ಗೆ ಶಹಾಬಾದ್ ಫರಸಿ ಹಾಸಿದೆ, ಗೋಡೆಗೆ ನುಣುಪು ಗಿಲಾವು. ಬೇಸಿಗೆಗೆ ತಂಪು. ಆದರೆ ಧ್ವನಿಗೆ ಇಂಥ ಕೋಣೆ ಬಲು ಕಷ್ಟ. ಕಲ್ಲು, ಗಿಲಾವು, ಕಿಟಕಿ ಗಾಜು ಯಾವುದೂ ಧ್ವನಿಯನ್ನು ನುಂಗುವುದಿಲ್ಲ. ಎಲ್ಲ ವಾಪಸ್ ಎಸೆಯುತ್ತವೆ. ಸ್ಪೀಕರಿನಿಂದ ಬಂದ ಮಾತು ಒಮ್ಮೆ ಕಿವಿಗೆ ಬೀಳುತ್ತದೆ, ಗೋಡೆಗೆ ಬಡಿದು ಮತ್ತೆ ನಾಲ್ಕು ಸಲ ಬೀಳುತ್ತದೆ. ಮಾತಿನ ಕೊನೆಯ ಅಕ್ಷರ ಮುಂದಿನ ಮಾತಿನ ಮೇಲೆ ಹೊದಿಕೆಯಂತೆ ಕೂರುತ್ತದೆ. ಆಗ ನಾವು ಏನು ಮಾಡುತ್ತೇವೆ? ವಾಲ್ಯೂಮ್ ಏರಿಸುತ್ತೇವೆ. ವಾಲ್ಯೂಮ್ ಏರಿದರೆ ಗೋಡೆಯಿಂದ ಬರುವ ಸದ್ದೂ ಅಷ್ಟೇ ಏರುತ್ತದೆ. ಮಾತು ಮಾತ್ರ ತಿಳಿಯುವುದಿಲ್ಲ.

ನಿಮ್ಮ ಹಾಲ್‌ನಲ್ಲಿ ನಿಂತು ಒಂದು ಗಟ್ಟಿ ಚಪ್ಪಾಳೆ ತಟ್ಟಿ. "ಟರ್ರ್" ಅಂತ ಬಾಲ ಬಂದರೆ ಎದುರುಬದುರು ಗೋಡೆಗಳು ಧ್ವನಿಯನ್ನು ಚೆಂಡಿನಂತೆ ಆಡುತ್ತಿವೆ ಅಂತ ಅರ್ಥ. ಆ ಬಾಲ ಕತ್ತರಿಸದೆ 20 ಸಾವಿರದ ಸೌಂಡ್‌ಬಾರ್ (ಟಿವಿ ಕೆಳಗಿಡುವ ಉದ್ದನೆಯ ಸ್ಪೀಕರು) ತಂದರೂ ಅದು ಬಾಲ ಸಮೇತವೇ ಹಾಡುತ್ತದೆ.

ನನಗೆ ಇದಕ್ಕೆ ಉತ್ತರ ಸಿಕ್ಕಿದ್ದು ಅಟ್ಟದ ಮೇಲಿನ ಟ್ರಂಕಿನಲ್ಲಿ. ಅಜ್ಜಿ ಹೊಲಿದ ಕೌದಿ. ಹಳೇ ಇಳಕಲ್ ಸೀರೆ, ಅಜ್ಜನ ಧೋತರ, ಯಾರದೋ ಪರಕಾರ, ಏಳೆಂಟು ಪದರ ಸೇರಿಸಿ ಬೆರಳಗಲ ಜಾಗವೂ ಬಿಡದೆ ಹೊಲಿಗೆ ಹಾಕಿದ್ದು. ಎತ್ತಿದರೆ ಒಂದು ಕೂಸಿನ ಭಾರ. ಧ್ವನಿ ನುಂಗಲು ಇಂಥದ್ದೇ ಬೇಕು: ದಪ್ಪ, ಭಾರ, ಒಳಗೆ ಗಾಳಿ ಆಡುವಂಥದ್ದು. ಧ್ವನಿ ಅಂದರೆ ಗಾಳಿಯ ಅಲುಗಾಟ. ಬಟ್ಟೆಯ ಎಳೆಗಳ ನಡುವೆ ಗಾಳಿ ನುಗ್ಗುವಾಗ ತಿಕ್ಕಾಟದಲ್ಲಿ ಅದರ ಕಸುವು ಬಿಸಿಯಾಗಿ ಕರಗುತ್ತದೆ. ಪದರ ಹೆಚ್ಚಿದಷ್ಟೂ ತಿಕ್ಕಾಟ ಹೆಚ್ಚು.

ಸೋಫಾದ ಹಿಂದಿನ ಗೋಡೆಗೆ ಒಂದು ಬಿದಿರು ಗಳ ಕಟ್ಟಿ ಕೌದಿಯನ್ನು ಇಳಿಬಿಟ್ಟೆ. ಗೋಡೆಗೆ ಅಂಟಿಸಲಿಲ್ಲ, ನಾಲ್ಕು ಬೆರಳು ಜಾಗ ಬಿಟ್ಟೆ. ಇದು ಮುಖ್ಯ. ಗೋಡೆಗೆ ತಾಗಿದ ಜಾಗದಲ್ಲಿ ಗಾಳಿ ಅಲುಗಾಡುವುದೇ ಇಲ್ಲ, ಅಲ್ಲಿ ಬಟ್ಟೆಗೆ ಹಿಡಿಯಲು ಏನೂ ಸಿಗುವುದಿಲ್ಲ. ಸ್ವಲ್ಪ ಮುಂದೆ ಬಂದರೆ ಅಲುಗಾಟ ಜಾಸ್ತಿ, ಹಿಡಿಯುವುದೂ ಜಾಸ್ತಿ. ಅದೇ ಕೌದಿ ನಾಲ್ಕು ಬೆರಳು ಮುಂದೆ ಬಂದರೆ ಇನ್ನಷ್ಟು ದಪ್ಪ ಧ್ವನಿಯನ್ನೂ ತಡೆಯುತ್ತದೆ.

ಟಿವಿಗೂ ಸೋಫಾಗೂ ನಡುವೆ ನೆಲಕ್ಕೆ ನವಲಗುಂದದ ಜಮಖಾನ ಹಾಸಿದೆ. ಅದು ತೆಳು, ಒಂದೇ ಮಡಿಕೆಯಲ್ಲಿ ಬರೀ ಚುರುಕು ಸದ್ದನ್ನಷ್ಟೇ ತಡೆಯುತ್ತದೆ. ಕೆಳಗೆ ಒಂದು ಹಳೇ ಕಂಬಳಿ ಇಟ್ಟೆ. ಮತ್ತೆ ಚಪ್ಪಾಳೆ ತಟ್ಟಿದೆ. ಬಾಲ ಇಲ್ಲ, "ಟಪ್" ಅಂತ ಒಂದೇ ಸದ್ದು. ಆ ರಾತ್ರಿ ವಾರ್ತೆ ಕೇಳಲು ವಾಲ್ಯೂಮ್ 24ರ ಬದಲು 15 ಸಾಕಾಯಿತು. ಖರ್ಚು ಬಿದಿರು ಗಳದ್ದು, ಸುತಳಿ ಹಗ್ಗದ್ದು.

ಕೌದಿ ಇಲ್ಲದವರು ದಪ್ಪ ಬಟ್ಟೆಯ ಪರದೆ ಹಾಕಬಹುದು. ಪುಸ್ತಕದ ಕಪಾಟು ಇದ್ದರೆ ಬಾಗಿಲು ತೆಗೆದಿಡಿ. ಬೇರೆಬೇರೆ ಅಳತೆಯ ಪುಸ್ತಕಗಳು ಧ್ವನಿಯನ್ನು ನಾಲ್ಕು ಕಡೆ ಚೆದುರಿಸುತ್ತವೆ. ಮೊಟ್ಟೆಯ ಟ್ರೇ ಅಂಟಿಸಿದರೆ ಆಗುತ್ತದೆ ಅನ್ನುತ್ತಾರೆ. ಅದರಿಂದ ಹೆಚ್ಚೇನೂ ಆಗುವುದಿಲ್ಲ, ಬೆಂಕಿಯ ಅಪಾಯ ಬೇರೆ.

ಧ್ವನಿ: ತಂಬೂರಿ ಕೇಳಿಸುತ್ತದೆಯೇ?

ಇದು ಸಂಗೀತದ ಸೀಮೆ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಇಲ್ಲೇ ಇದ್ದು ಹಾಡಿದವರು. ಭೀಮಸೇನ ಜೋಶಿ ಹುಟ್ಟಿದ್ದು ಈಗಿನ ಗದಗ ಜಿಲ್ಲೆಯ ರೋಣದಲ್ಲಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳು ಎಷ್ಟು ಮಕ್ಕಳಿಗೆ ಸ್ವರ ಕೊಟ್ಟರೋ ಲೆಕ್ಕವಿಲ್ಲ. ಧಾರವಾಡ ಆಕಾಶವಾಣಿ 1950ರ ಜನವರಿ 8ರಿಂದ ಈ ದನಿಗಳನ್ನು ಮನೆಮನೆಗೆ ಮುಟ್ಟಿಸಿತು. ಇಂಥ ಊರಲ್ಲಿ ಇದ್ದು ನಾವು ಖಯಾಲನ್ನು, ಅಂದರೆ ಹಿಂದೂಸ್ತಾನಿ ಗಾಯನವನ್ನು, ಟಿವಿಯ ತೆಳು ಬೆನ್ನಿನ ಎರಡು ಸಣ್ಣ ಸ್ಪೀಕರಿನಲ್ಲಿ ಕೇಳುತ್ತೇವಲ್ಲ, ಅದು ನನಗೆ ನಿಜವಾಗಿ ನೋವಿನ ವಿಷಯ.

ಸ್ಪೀಕರ್ ಪರೀಕ್ಷೆಗೆ ನನ್ನದು ಒಂದೇ ಅಳತೆಗೋಲು. ಯೂಟ್ಯೂಬ್‌ನಲ್ಲಿ ಗಂಡು ಗಾಯಕರ ಒಂದು ವಿಲಂಬಿತ (ನಿಧಾನಗತಿಯ) ಖಯಾಲ್ ಹಾಕಿ. ಹಾಡು ಶುರುವಾಗುವ ಮೊದಲ ಅರ್ಧ ನಿಮಿಷ ತಂಬೂರಿ ಮಾತ್ರ ಇರುತ್ತದೆ. ಅದನ್ನು ಕೇಳಿ. ಕಾಳಿ ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಮನೆಗೆ) ಶ್ರುತಿ ಮಾಡಿದ ಗಂಡು ತಂಬೂರಿಯ ಖರ್ಜದ, ಅಂದರೆ ಎಲ್ಲಕ್ಕಿಂತ ತಗ್ಗಿನ ಸ್ವರದ ತಂತಿ ಸೆಕೆಂಡಿಗೆ ಸುಮಾರು 69 ಸಲ ಕಂಪಿಸುತ್ತದೆ. ತೆಳು ಟಿವಿಯ ಸ್ಪೀಕರು 100ರ ಕೆಳಗೆ ಹೆಚ್ಚುಕಡಿಮೆ ಮೂಕ. ಹಾಗಾಗಿ ಮೂರು ತಂತಿ ಕೇಳಿಸುತ್ತವೆ, ನಾಲ್ಕನೆಯದು ಬರಬೇಕಾದ ಕಡೆ ಬರೀ ಜಿನುಗು ಝೇಂಕಾರ. ನೆಲವಿಲ್ಲದ ಮನೆಯಂತೆ. ಮೇಲಾಗಿ ಆ ಸ್ಪೀಕರುಗಳ ಬಾಯಿ ಕೆಳಗೋ ಹಿಂದಕ್ಕೋ ಇರುತ್ತದೆ. ನಮ್ಮ ಕಿವಿಗೆ ಬೀಳುವುದು ಗೋಡೆಗೆ ಬಡಿದು ಬಂದ ಧ್ವನಿ.

ಹಾಗಾದರೆ ಏನು ತರಬೇಕು? ಅಂಗಡಿಗೆ ಹೋಗುವ ಮೊದಲು ಮನೆಯ ಅಟ್ಟ ನೋಡಿ. ತೊಂಬತ್ತರ ದಶಕದಲ್ಲಿ ಕೊಂಡ ಕ್ಯಾಸೆಟ್ ಡೆಕ್ಕು, ಎರಡು ಮರದ ಸ್ಪೀಕರು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಬಟ್ಟೆ ಮುಚ್ಚಿಕೊಂಡು ಕೂತಿವೆ. ಕ್ಯಾಸೆಟ್ ಓಡದಿದ್ದರೆ ಓಡದಿರಲಿ. ಅದರ ಆಂಪ್ಲಿಫೈಯರು, ಸ್ಪೀಕರು ಕೆಲಸ ಮಾಡಿದರೆ ಸಾಕು. ಮರದ ಪೆಟ್ಟಿಗೆ, ಆರೆಂಟು ಇಂಚಿನ ಕೋನು ಇದ್ದರೆ ಸರಿಯಾಗಿ ಇಟ್ಟಾಗ ಅಗ್ಗದ ಸೌಂಡ್‌ಬಾರಿಗಿಂತ ಎಷ್ಟೋ ತುಂಬಿದ ಧ್ವನಿ ಕೊಡುತ್ತದೆ.

ಸ್ಪೀಕರಿನ ಜಾಳಿಗೆ ತೆಗೆದು ಕೋನಿನ ಅಂಚನ್ನು ಮೆಲ್ಲಗೆ ಮುಟ್ಟಿ. ಅಂಚು ಫೋಮಿನದಾದರೆ ಇಷ್ಟು ವರ್ಷಕ್ಕೆ ಬೆಲ್ಲದ ಪುಡಿಯಂತೆ ಉದುರುತ್ತದೆ. ಅದನ್ನು ಹೊಸದಾಗಿ ಅಂಟಿಸಿಕೊಡುವ ರಿಪೇರಿಯವರು ಇದ್ದಾರೆ. ರಬ್ಬರಿನ ಅಥವಾ ಬಟ್ಟೆಯ ಅಂಚಾದರೆ ಬಹುಶಃ ಏನೂ ಆಗಿರುವುದಿಲ್ಲ. ಆಂಪ್ಲಿಫೈಯರಿನ ಗುಂಡಿ ತಿರುಗಿಸಿದಾಗ ಕರಕರ ಅಂದರೆ ಧೂಳು. ವೈರು ಕಿತ್ತು, ತೆಗೆದು ಸ್ವಚ್ಛ ಮಾಡಿಸಿ.

ಜೋಡಿಸುವುದು ಸುಲಭ. ಟಿವಿಗೆ ಹೆಡ್‌ಫೋನ್ ತೂತು ಇದ್ದರೆ ಅದರಿಂದ ಕೆಂಪುಬಿಳಿ ಪಿನ್ನಿನ ವೈರನ್ನು ಡೆಕ್ಕಿನ ಆಕ್ಸ್, ಸಿಡಿ ಅಥವಾ ಟೇಪ್ ಇನ್ ಅನ್ನುವ ಜಾಗಕ್ಕೆ ಹಾಕಿ. ಫೋನೋ ಅಂತ ಬರೆದಿದ್ದರೆ ಅಲ್ಲಿಗೆ ಮಾತ್ರ ಹಾಕಬೇಡಿ. ಅದು ಗ್ರಾಮೊಫೋನ್ ತಟ್ಟೆಯ ಮುಳ್ಳಿನಿಂದ ಬರುವ ಅತಿ ಸಣ್ಣ ಸಿಗ್ನಲ್ಲಿಗೆ ಮಾಡಿದ್ದು, ಟಿವಿಯ ಧ್ವನಿ ಅಲ್ಲಿ ಒಡೆದು ಕಿರುಚುತ್ತದೆ. ಹೆಡ್‌ಫೋನ್ ತೂತಿಲ್ಲದ ಟಿವಿಯಲ್ಲಿ ಸಾಮಾನ್ಯವಾಗಿ ಧ್ವನಿಯನ್ನು ಬೆಳಕಾಗಿ ಕಳಿಸುವ ಆಪ್ಟಿಕಲ್ ಕಿಂಡಿ ಇರುತ್ತದೆ. ಆಪ್ಟಿಕಲ್‌ನಿಂದ ಕೆಂಪುಬಿಳಿ ಪಿನ್ನಿಗೆ ಬದಲಿಸುವ ಬೆಂಕಿಪೊಟ್ಟಣದಷ್ಟು ಡಬ್ಬಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದನ್ನು ಹಾಕಿದ ಮೇಲೆ ಟಿವಿಯ ಸೌಂಡ್ ಸೆಟಿಂಗ್ಸ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಅನ್ನು ಪಿಸಿಎಂ ಮಾಡಬೇಕು. ಇಲ್ಲವಾದರೆ ಡಬ್ಬಿಗೆ ಅರ್ಥವಾಗದ ಡಾಲ್ಬಿ ಸಿಗ್ನಲ್ ಹೋಗಿ ಧ್ವನಿಯೇ ಬರುವುದಿಲ್ಲ. ಎಷ್ಟೋ ಜನ ಇಲ್ಲೇ ಕೈಚೆಲ್ಲಿ ಡಬ್ಬಿ ಕೆಟ್ಟಿದೆ ಅಂತ ವಾಪಸ್ ಕೊಟ್ಟಿದ್ದಾರೆ.

ಜೋಡಿಸಿದ ಮೇಲೆ "ಗುಂಯ್" ಅಂತ ಸದ್ದು ಬರುತ್ತಿದೆಯೇ? ಕೇಬಲ್ ಅಥವಾ ಡಿಶ್ ವೈರನ್ನು ಬಾಕ್ಸಿನಿಂದ ಕಿತ್ತು ನೋಡಿ. ಸದ್ದು ನಿಂತರೆ ಎರಡು ಕಡೆಯ ಅರ್ಥಿಂಗ್ ನಡುವೆ ಸಣ್ಣ ಕರೆಂಟು ಸುತ್ತುತ್ತಿದೆ ಅಂತ ಅರ್ಥ. ಟಿವಿ, ಬಾಕ್ಸ್, ಡೆಕ್ಕು ಮೂರನ್ನೂ ಒಂದೇ ಬೋರ್ಡಿಗೆ ಹಾಕಿ ನೋಡಿ. ಆಪ್ಟಿಕಲ್ ದಾರಿ ಹಿಡಿದರೆ ಇನ್ನೂ ಖಚಿತ. ಅದರಲ್ಲಿ ಹೋಗುವುದು ಬರೀ ಬೆಳಕು, ಕರೆಂಟಿಗೆ ದಾರಿಯೇ ಇಲ್ಲ.

ಸ್ಪೀಕರ್ ವೈರಿನ ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಒಂದು ಬದಿ ಅದಲುಬದಲಾದರೆ ಒಂದು ಕೋನು ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತದೆ. ತಬಲಾದ ದಪ್ಪ ದನಿಯ ಭಾಗ, ಡಗ್ಗಾ, ಮಾಯ. ವಾರ್ತೆ ಓದುವವರ ದನಿ ಎಲ್ಲಿಂದ ಬರುತ್ತಿದೆ ಅಂತಲೇ ತಿಳಿಯುವುದಿಲ್ಲ. ಸರಿ ಇದ್ದರೆ ಆ ದನಿ ಎರಡು ಸ್ಪೀಕರಿನ ನಟ್ಟನಡುವಿನಿಂದ, ಪರದೆಯ ಒಳಗಿಂದಲೇ ಬಂದಂತಿರುತ್ತದೆ. ನಾನು ಮೊದಲ ಸಲ ಜೋಡಿಸಿದಾಗ ಒಂದು ವಾರ ತಪ್ಪಾಗಿಯೇ ಕೇಳಿದೆ. ಎರಡು ತಂತಿ ಬದಲಿಸಿದ ಕ್ಷಣಕ್ಕೆ ಡಗ್ಗಾದ ಮೀಂಡು, ಆ ಜಾರುವ ದನಿ, ಕೋಣೆಯೊಳಗೆ ಇಳಿದು ಬಂತು.

ಇಡುವ ಜಾಗ ಹೀಗೆ. ಎರಡು ಸ್ಪೀಕರಿನ ನಡುವೆ ಎಷ್ಟು ಅಂತರವೋ, ನೀವು ಕೂರುವ ಜಾಗಕ್ಕೆ ಒಂದೊಂದರಿಂದಲೂ ಅಷ್ಟೇ ಅಂತರ. ಸಣ್ಣ ಸ್ಪೀಕರು, ಅಂದರೆ ಟ್ವೀಟರು, ಕಿವಿಯ ಮಟ್ಟಕ್ಕೆ. ಮೂಲೆಗೆ ಒತ್ತಿ ಇಟ್ಟರೆ ದಪ್ಪ ಧ್ವನಿ ಊದಿಕೊಂಡು ಹಂಡೆಯೊಳಗೆ ಮಾತಾಡಿದಂತಾಗುತ್ತದೆ. ಮೂಲೆಯಿಂದ ಒಂದು ಮೊಳ ಈಚೆ ತನ್ನಿ. ತಂಬೂರಿ ಹಾಕಿಟ್ಟು ಸ್ಪೀಕರನ್ನು ಗೇಣುಗೇಣು ಸರಿಸುತ್ತ ಹೋಗಿ. ಒಂದು ಜಾಗದಲ್ಲಿ ಖರ್ಜ ತಟಕ್ಕನೆ ದುಂಡಗಾಗುತ್ತದೆ. ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ.

ಹೊಸದೇ ತರುವುದಾದರೆ ಡಬ್ಬದ ಮೇಲಿನ ವಾಟ್ ಅಂಕಿಗೆ ಮರುಳಾಗಬೇಡಿ. ಪಿಎಂಪಿಒ ಅಂತಿದ್ದರೆ ಆ ಅಂಕಿಗೆ ಬೆಲೆಯಿಲ್ಲ, ಅದಕ್ಕೆ ಒಪ್ಪಿತ ಅಳತೆಯೇ ಇಲ್ಲ. ಆರ್‌ಎಂಎಸ್, ಅಂದರೆ ಸತತವಾಗಿ ಕೊಡಬಲ್ಲ ವಾಟ್, ಎಷ್ಟು ಅಂತ ಕೇಳಿ. ಸಾಮಾನ್ಯ ಮನೆ ಸ್ಪೀಕರಿಗೆ 1 ವಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಸುಮಾರು 85 ಡೆಸಿಬಲ್ ಸದ್ದು ಬರುತ್ತದೆ. ನಾವು ಮಾತಾಡುವುದು 60ರ ಆಸುಪಾಸು. ಹತ್ತು ಹನ್ನೆರಡು ಅಡಿಯ ಕೋಣೆಗೆ ಒಂದೊಂದು ಬದಿಗೆ 20 ವಾಟ್ ಆರ್‌ಎಂಎಸ್ ಧಾರಾಳ. ವಾಟ್ ಇಮ್ಮಡಿಯಾದರೆ ಧ್ವನಿ ಇಮ್ಮಡಿಯಾಗುವುದೂ ಇಲ್ಲ. ಬರೀ 3 ಡೆಸಿಬಲ್ ಏರುತ್ತದೆ. ಕಿವಿಗೆ ಎರಡರಷ್ಟು ಅನ್ನಿಸಬೇಕಾದರೆ ಹತ್ತರಷ್ಟು ವಾಟ್ ಬೇಕು.

ಐದಾರು ಸಾವಿರಕ್ಕೆ 5.1 (ಐದು ಸ್ಪೀಕರು, ದಪ್ಪ ಧ್ವನಿಗೆ ಮತ್ತೊಂದು) ಅಂತ ಮಾರುವ ಸೆಟ್ಟುಗಳ ಬಗ್ಗೆಯೂ ಒಂದು ಮಾತು. ಅದಕ್ಕೆ ಹೋಗುವುದು ಬರೀ ಕೆಂಪುಬಿಳಿ ವೈರು ಅಥವಾ ಬ್ಲೂಟೂತ್ ಆಗಿದ್ದರೆ ಒಳಗೆ ಹೋಗುವುದು ಎರಡೇ ಚಾನೆಲ್ ಧ್ವನಿ. ಅದನ್ನೇ ಐದು ಡಬ್ಬಿಗೆ ಹಂಚುತ್ತಾರೆ. ಅದೇ ದುಡ್ಡಿಗೆ ಎರಡು ಒಳ್ಳೆಯ ಬುಕ್‌ಶೆಲ್ಫ್ ಸ್ಪೀಕರು ತನ್ನಿ ಅಂತ ನಾನು ಹೇಳುತ್ತೇನೆ. ಸೌಂಡ್‌ಬಾರೇ ಬೇಕು ಅನ್ನುವವರು ಎಚ್‌ಡಿಎಂಐ ಎಆರ್‌ಸಿ ಇರುವುದನ್ನು ನೋಡಿ. ಒಂದೇ ವೈರಿನಲ್ಲಿ ಧ್ವನಿ ಹೋಗುತ್ತದೆ, ಟಿವಿ ರಿಮೋಟಿನಲ್ಲೇ ವಾಲ್ಯೂಮ್ ನಡೆಯುತ್ತದೆ. ಮನೆಯಲ್ಲಿ ಹಿರಿಯರಿದ್ದರೆ ಎರಡು ರಿಮೋಟು ತಪ್ಪುವುದು ದೊಡ್ಡ ನೆಮ್ಮದಿ.

ಸಿನಿಮಾದಲ್ಲಿ ಹೊಡೆದಾಟ ಕಿವಿ ಕಿತ್ತು, ಮಾತು ಪಿಸುಗುಟ್ಟಿದಂತೆ ಬರುತ್ತದೆ ಅನ್ನುವುದು ಎಲ್ಲರ ದೂರು. 5.1 ಧ್ವನಿಯಲ್ಲಿ ಮಾತು ಹೆಚ್ಚಾಗಿ ನಡುವಿನ ಸ್ಪೀಕರಿಗೆ ಮೀಸಲು. ನಿಮ್ಮ ಬಳಿ ಆ ಸ್ಪೀಕರೇ ಇಲ್ಲ. ಇರುವ ಎರಡರೊಳಗೆ ಅದನ್ನು ಕಲಸುವಾಗ ಮಾತು ಹಿಂದೆ ಬೀಳುತ್ತದೆ. ಆ್ಯಪಿನ ಆಡಿಯೊ ಪಟ್ಟಿಯಲ್ಲಿ 5.1 ಬಿಟ್ಟು ಸ್ಟೀರಿಯೊ ಆರಿಸಿ. ರಾತ್ರಿಯಾದರೆ ಜೋರು ಸದ್ದನ್ನು ತಗ್ಗಿಸುವ ನೈಟ್ ಮೋಡ್ ಅನ್ನೂ ಹಾಕಿ.

ಏನು ನೋಡುವುದು, ಎಲ್ಲಿಂದ

ತಿಂಗಳ ಖರ್ಚಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐದು ಒಟಿಟಿ ಒಟ್ಟಿಗೆ ಬೇಡ. ಒಂದನ್ನು ಒಂದು ತಿಂಗಳು ತೆಗೆದುಕೊಳ್ಳಿ, ಬೇಕಾದದ್ದು ನೋಡಿ, ಬಂದ್ ಮಾಡಿ, ಮುಂದಿನದಕ್ಕೆ ಹೋಗಿ. ಆಟೋ ರಿನ್ಯೂವಲ್ ಮೊದಲ ದಿನವೇ ತೆಗೆದುಬಿಡಿ. ಪ್ರಸಾರ ಭಾರತಿಯ ವೇವ್ಸ್ ಆ್ಯಪ್ 2024ರ ನವೆಂಬರಿನಲ್ಲಿ ಬಂತು. ಅದರಲ್ಲಿ ದೂರದರ್ಶನ, ಆಕಾಶವಾಣಿ ಎರಡೂ ಸಿಗುತ್ತವೆ.

ತಿಂಗಳ ಬಾಡಿಗೆಯೇ ಬೇಡ ಅನ್ನುವವರಿಗೆ ಡಿಡಿ ಫ್ರೀ ಡಿಶ್ ಇದೆ. 2004ರ ಡಿಸೆಂಬರಿನಲ್ಲಿ ಶುರುವಾದದ್ದು. ತಟ್ಟೆ, ಬಾಕ್ಸಿಗೆ ಒಮ್ಮೆ ಖರ್ಚು, ಆಮೇಲೆ ಏನೂ ಇಲ್ಲ. ಡಿಡಿ ಚಂದನ ಅದರಲ್ಲಿ ಬರುತ್ತದೆ. ಸಿಗ್ನಲ್ 93.5 ಡಿಗ್ರಿ ಪೂರ್ವದ ಜಿಸ್ಯಾಟ್ 15ರಿಂದ. ನಮ್ಮೂರಿನಿಂದ ಅದು ಆಗ್ನೇಯ ದಿಕ್ಕಿಗೆ, ಆಕಾಶದಲ್ಲಿ ಸಾಕಷ್ಟು ಎತ್ತರಕ್ಕೆ ಬೀಳುತ್ತದೆ. ಆ ಕಡೆ ತೆಂಗಿನಗರಿ ಅಡ್ಡ ಬಂದಿದೆಯೇ ನೋಡಿಕೊಳ್ಳಿ. ಜೋರು ಮಳೆಯಲ್ಲಿ ಚಿತ್ರ ನಿಲ್ಲುವುದು ಸಹಜ, ಆ ಅಲೆಗಳನ್ನು ಮಳೆಹನಿ ಹೀರುತ್ತದೆ. ಆದರೆ ಶ್ರಾವಣದ ಜಿಟಿಜಿಟಿಗೂ ನಿಂತರೆ ತಟ್ಟೆ ಸ್ವಲ್ಪ ತಿರುಗಿರಬಹುದು, ಇಲ್ಲವೇ ವೈರಿನ ತುದಿಯ ಪಿನ್ನಿನೊಳಗೆ ನೀರು ಇಳಿದಿರಬಹುದು.

ಇಂಟರ್ನೆಟ್ ಟಿವಿಯಲ್ಲಿ ಚಿತ್ರ ಸುತ್ತುತ್ತ ನಿಂತರೆ ಮೊದಲು ಪ್ಯಾಕ್ ಏರಿಸಬೇಡಿ. ಎಚ್‌ಡಿಗೆ 5 ಎಂಬಿಪಿಎಸ್, 4ಕೆಗೆ 15ರಿಂದ 25 ಸಾಕು. ತೊಂದರೆ ಇರುವುದು ಗೋಡೆಯಲ್ಲಿ. ಧಾರವಾಡದ ಹಳೇ ಮನೆಗಳ ಒಂದೂವರೆ ಅಡಿ ಗೋಡೆ ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ವೈಫೈ ಸುಸ್ತಾಗುತ್ತದೆ. 2.4 ಇನ್ನಷ್ಟು ದೂರ ಹೋಗುತ್ತದೆ, ಆದರೆ ಅಕ್ಕಪಕ್ಕದ ಮನೆಯವರದೂ ಅದೇ ದಾರಿ. ರೂಟರಿನಿಂದ ಟಿವಿಗೆ ಒಂದು ಲ್ಯಾನ್ ವೈರು ಎಳೆದುಬಿಡಿ. ಟಿವಿಯ ಲ್ಯಾನ್ ಕಿಂಡಿ ಬಹಳ ಕಡೆ 100 ಎಂಬಿಪಿಎಸ್‌ನದು, ಬೇಕಾದ್ದಕ್ಕಿಂತ ಹೆಚ್ಚೇ.

ಟಿವಿ ಕೊಳ್ಳಲೇಬೇಕಾದಾಗ

ಇಷ್ಟಾದ ಮೇಲೂ ಟಿವಿ ಬೇಕು ಅಂದರೆ ಒಂದು ಲೆಕ್ಕ ಇಟ್ಟುಕೊಳ್ಳಿ. 43 ಇಂಚಿನ ಪರದೆಯನ್ನು ಐದೂವರೆ ಅಡಿಗಿಂತ ದೂರ ಕೂತು ನೋಡಿದರೆ ಫುಲ್ ಎಚ್‌ಡಿಯ (1080 ಗೆರೆಯ) ಚುಕ್ಕೆಗಳೇ ಕಣ್ಣಿಗೆ ಬಿಡಿಬಿಡಿಯಾಗಿ ಕಾಣುವುದಿಲ್ಲ. 55 ಇಂಚಿಗೆ ಅದು ಸುಮಾರು ಏಳು ಅಡಿ. ನಮ್ಮ ಹಾಲ್‌ಗಳಲ್ಲಿ ಸೋಫಾ ಎಂಟು ಹತ್ತು ಅಡಿ ದೂರ ಇರುತ್ತದೆ. ಹಾಗಾಗಿ ಫುಲ್ ಎಚ್‌ಡಿಯಿಂದ 4ಕೆಗೆ ಹೋದದ್ದಕ್ಕಿಂತ ಬಣ್ಣ, ಕಪ್ಪು ಚೆನ್ನಾಗಿರುವ ಪರದೆಗೆ ಹೋದದ್ದು ಕಣ್ಣಿಗೆ ಜಾಸ್ತಿ ಹತ್ತುತ್ತದೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿದಿದೆ. ಹಳೇ ದರದ ಪಟ್ಟಿ ನೋಡಿ ಮೋಸ ಹೋಗಬೇಡಿ.

ಎಚ್‌ಡಿಆರ್ (ಬೆಳಕು ಕತ್ತಲೆಯ ಅಂತರ ಹೆಚ್ಚಿಸಿ ತೋರಿಸುವ ಚಿತ್ರ) ಅನ್ನುವ ಚೀಟಿ ಅಗ್ಗದ ಟಿವಿಗೂ ಅಂಟಿರುತ್ತದೆ. ಆ ಸಿಗ್ನಲ್ ಬಂದರೆ ಟಿವಿ ಓದುತ್ತದೆ ಅಂತಷ್ಟೇ ಅದರ ಅರ್ಥ. ತೋರಿಸಲು ಬೆಳಕು ಬೇಕು. ಅಗ್ಗದ ಪರದೆಯ ಬೆಳಕು 250ರಿಂದ 300 ನಿಟ್ಸ್ ಇರುತ್ತದೆ, ಎಚ್‌ಡಿಆರ್ ಸಿನಿಮಾಗಳನ್ನು ಹೆಚ್ಚಾಗಿ 1000 ನಿಟ್ಸ್ ಲೆಕ್ಕದಲ್ಲಿ ಸಿದ್ಧ ಮಾಡಿರುತ್ತಾರೆ. ಎಚ್‌ಡಿಆರ್ ಹಾಕಿದರೆ ಚಿತ್ರ ಕಪ್ಪಗಾಗುತ್ತದೆ ಅನ್ನಿಸಿದರೆ ಅದನ್ನು ಬಂದ್ ಮಾಡಿಯೇ ನೋಡಿ, ತಪ್ಪೇನಿಲ್ಲ. ಅಗ್ಗದ ಪ್ರೊಜೆಕ್ಟರಿಗೂ ಇದೇ ಎಚ್ಚರ. "1080 ಸಪೋರ್ಟ್" ಬೇರೆ, ಅದರ ಸ್ವಂತ ರೆಸಲ್ಯೂಷನ್ ಬೇರೆ. ಆ ಸ್ವಂತದ್ದು, ಅಂದರೆ ನೇಟಿವ್ ಎಷ್ಟು, ಬೆಳಕಿನ ಅಳತೆಯಾದ ಎಎನ್‌ಎಸ್‌ಐ ಲೂಮೆನ್ಸ್ ಎಷ್ಟು ಅಂತ ಕೇಳಿ. ಉತ್ತರ ಬರದಿದ್ದರೆ ಕೈ ಮುಗಿದು ಹೊರಡಿ.

ಎಚ್‌ಡಿಎಂಐ ಕೇಬಲ್ಲಿಗೆ ಸಾವಿರಗಟ್ಟಲೆ ಕೊಡಬೇಡಿ. ಅದರಲ್ಲಿ ಹೋಗುವುದು ಅಂಕಿಗಳು. ತಲುಪಿದರೆ ಪೂರ್ತಿ ತಲುಪುತ್ತವೆ, ಇಲ್ಲವಾದರೆ ಚಿತ್ರ ಮಿಣುಕುತ್ತದೆ ಅಥವಾ ಮಾಯವಾಗುತ್ತದೆ. ದುಬಾರಿ ಕೇಬಲ್ಲಿನಿಂದ ಬಣ್ಣ ಏರುವುದಿಲ್ಲ.

ಸ್ಟೆಬಿಲೈಜರ್ ಬೇಕೇ ಅಂತ ಎಲ್ಲರೂ ಕೇಳುತ್ತಾರೆ. ಈಗಿನ ಹೆಚ್ಚಿನ ಟಿವಿಗಳು 100ರಿಂದ 240 ವೋಲ್ಟಿನವರೆಗೆ ತಾವೇ ಸಂಭಾಳಿಸುತ್ತವೆ. ಹಿಂದಿನ ಚೀಟಿಯಲ್ಲಿ ಬರೆದಿರುತ್ತದೆ, ಓದಿ. ಅದಕ್ಕಿಂತ ಮುಖ್ಯ ಮನೆಯ ಅರ್ಥಿಂಗು. ಅರ್ಥಿಂಗ್ ಸರಿ ಇಲ್ಲದಿದ್ದರೆ ಸ್ಪೈಕ್ ಗಾರ್ಡ್ ಕೂಡ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಮತ್ತು ಸಿಡಿಲಿಗೆ ಯಾವ ಗಾರ್ಡೂ ತಡೆಯಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಮೂರಕ್ಕೆ ಮೋಡ ಕಪ್ಪಗೆ ಕವಿದು ಧೂಳಿನ ಗಾಳಿ ಎದ್ದಿತೆಂದರೆ ಸ್ವಿಚ್ ಆರಿಸುವುದು ಸಾಲದು. ಸಿಡಿಲು ಹತ್ತಿರ ಬರುವ ಮೊದಲೇ ಪ್ಲಗ್ ಕಿತ್ತಿಡಿ. ನಮ್ಮ ಓಣಿಯಲ್ಲಿ ಹೋದ ವರ್ಷ ಪ್ಲಗ್ ಕಿತ್ತಿದ್ದವರ ಟಿವಿಯೂ ಸುಟ್ಟಿತು. ಸಿಡಿಲು ಬಂದದ್ದು ಮಾಳಿಗೆ ಮೇಲಿನ ತಟ್ಟೆಯ ವೈರಿನಿಂದ. ಅದನ್ನೂ ಕೀಳಿ, ರೂಟರಿನ ಲ್ಯಾನ್ ವೈರನ್ನೂ ಕೀಳಿ.